ಮೇಲ್ ಐಡಿಗೆ ಹೆಸರಿಡುವಾಗ

ಪಿಯುಸಿ ರಿಸಲ್ಟ್ ಬಂದ ವಾರದಿಂದ ಮಂಡ್ಯದ ಸೈಬರ್ ಅಂಗಡಿಗಳಿಗೆ ಪುರುಸೊತ್ತು ಇರುವುದಿಲ್ಲ. ಸಿಇಟಿ ಕೆಲಸ, ಡಿಗ್ರಿ ಅಡ್ಮಿಷನ್, ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ ಎಂದು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ನೂರಡಿ ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯಲ್ಲಿ ನನ್ನದೂ ಒಂದು ಅಂಗಡಿಯಿದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಲ್ಯಾಮಿನೇಷನ್ ಮಷೀನು, ಬಂದವರು ಕೂರಲು ಒಂದು ಬೆಂಚು. ಯಾವ ಅರ್ಜಿ ತೆರೆದರೂ ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಆದಮೇಲೆ ಕೆಂಪು ನಕ್ಷತ್ರದ ಗುರುತಿರುವ ಆ ಖಾನೆ ಬಂದೇ ಬರುತ್ತದೆ.

"ಮೇಲ್ ಐಡಿ ಇದ್ಯಾ?"

"ಇದ್ದಂಗಿತ್ತು ಕಣಕ್ಕ. ಗೊತ್ತಿಲ್ಲ."

"ಹೊಸದು ಮಾಡೋಣ್ವ? ಏನ್ ಹೆಸರು ಇಡ್ಲಿ?"

"ಏನಾದ್ರೂ ಒಂದು ಹಾಕಕ್ಕ, ಬೇಗ ಆದ್ರೆ ಸಾಕು. ಬಸ್ಸು ಹೊಂಟೋಯ್ತದೆ."

ಈ "ಏನಾದ್ರೂ ಒಂದು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದೆ ಎಷ್ಟೇ ಜನ ಕಾಯುತ್ತಿದ್ದರೂ ಅಲ್ಲಿ ನಿಲ್ಲಿಸಿ ಎರಡು ನಿಮಿಷ ಮಾತಾಡಿಸುತ್ತೇನೆ. ಯಾಕೆಂದರೆ ಆ ಖಾನೆಗೆ ಈಗ ಬೀಳುವ ಹೆಸರು ಇವತ್ತಿನ ಅರ್ಜಿಗೆ ಮುಗಿಯುವಂಥದ್ದಲ್ಲ. ಮುಂದೆ ಹಾಲ್ ಟಿಕೆಟ್ ಬರುವುದು ಅದಕ್ಕೆ, ಇಂಟರ್‌ವ್ಯೂ ಪತ್ರ ಬರುವುದು ಅದಕ್ಕೆ, ಪಾಸ್‌ಪೋರ್ಟ್ ಅರ್ಜಿ ಹಾಕುವುದು ಅದರಲ್ಲಿ, ಪಿಎಫ್, ಬ್ಯಾಂಕು, ಮೊಬೈಲಿನಲ್ಲಿರುವ ಫೋಟೊ, ಎಲ್ಲವೂ ಅದಕ್ಕೇ ತಗಲಿಕೊಳ್ಳುತ್ತವೆ. ಯಾವ ಪೋರ್ಟಲಿನ ಪಾಸ್‌ವರ್ಡ್ ಮರೆತರೂ ಹೊಸದು ಮಾಡಿಕೊಳ್ಳುವ ಲಿಂಕ್ ಬರುವುದು ಆ ಮೇಲ್‌ಗೆ. ಹದಿನೇಳು ವರ್ಷದ ಹುಡುಗ ಬಸ್ಸಿನ ಅವಸರದಲ್ಲಿ ಇಟ್ಟ ಹೆಸರನ್ನು ನಲವತ್ತು ವರ್ಷದ ಗಂಡಸು ಆಫೀಸಿನ ಕೌಂಟರಿನಲ್ಲಿ ನಿಂತು ಹೇಳಬೇಕಾಗುತ್ತದೆ.

ಹಾಗಾದರೆ ಎಂಥ ಹೆಸರು ಇಡಬೇಕು? ನನಗೆ ಗೊತ್ತಿರುವ ಒಂದೇ ಅಳತೆ ಬಾಯಿ ಮತ್ತು ಕಿವಿ. ಫೋನಿನಲ್ಲಿ ಒಂದು ಸಲ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಬರೆದುಕೊಳ್ಳಬೇಕು, ಮೊಬೈಲು ಕಳೆದುಹೋದ ದಿನವೂ ನಮಗೆ ಅದು ಬಾಯಿಗೆ ಬರಬೇಕು.

ಕಂಪ್ಯೂಟರ್ ತಾನಾಗಿ ಸೂಚಿಸುವ ಹೆಸರು ಈ ಅಳತೆಯಲ್ಲಿ ಮೊದಲೇ ಬಿದ್ದುಹೋಗುತ್ತದೆ. ರವಿಕುಮಾರ್ ಎಂದು ಹಾಕಿದ ತಕ್ಷಣ "ಈ ಹೆಸರು ಬೇರೆಯವರು ತೆಗೆದುಕೊಂಡಿದ್ದಾರೆ" ಎಂದು ಬರುತ್ತದೆ. ಅದೇನೂ ಆಶ್ಚರ್ಯವಲ್ಲ. ಜೀಮೇಲ್ ಬಳಸುವವರು 150 ಕೋಟಿ ದಾಟಿದ್ದಾರೆಂದು ಗೂಗಲ್ 2018ರಲ್ಲೇ ಹೇಳಿತ್ತು. ಸಾಲದ್ದಕ್ಕೆ ಒಬ್ಬರು ಅಳಿಸಿದ ಜೀಮೇಲ್ ಹೆಸರನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿಯೂ ಅಲ್ಲಿಲ್ಲ. ಹಾಗಾಗಿ ಸಾದಾ ಹೆಸರುಗಳೆಲ್ಲ ಯಾವತ್ತೋ ಮುಗಿದಿವೆ. ಕೆಳಗೆ ನೀಲಿ ಅಕ್ಷರದಲ್ಲಿ ರವಿಕುಮಾರ್ ಮುಂದೆ ನಾಲ್ಕೈದು ಅಂಕಿ ಸೇರಿಸಿದ ಸೂಚನೆಗಳು ಬರುತ್ತವೆ, ಅವಸರದವರು ಮೊದಲನೆಯದನ್ನೇ ಒತ್ತಿಬಿಡುತ್ತಾರೆ. ಆ ಅಂಕಿಗಳಿಗೂ ಆ ಹುಡುಗನಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧವಿಲ್ಲದ್ದು ನೆನಪಿನಲ್ಲಿ ನಿಲ್ಲುವುದಾದರೂ ಹೇಗೆ?

ಬಸರಾಳು ಕಡೆಯ ಹುಡುಗಿಯೊಬ್ಬಳು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಅಂಗಡಿಗೆ ಬಂದಳು. ಬಸ್ಸಿನಲ್ಲಿ ಮೊಬೈಲು ಕಳೆದುಕೊಂಡಿದ್ದಳು. ಅಣ್ಣ ಹಳೆಯ ಮೊಬೈಲೊಂದನ್ನು ಕೊಟ್ಟಿದ್ದ, ಅದರಲ್ಲಿ ತನ್ನ ಮೇಲ್ ತೆರೆಯಬೇಕಿತ್ತು. ಸ್ಕಾಲರ್‌ಶಿಪ್ ರಿನೀವಲ್‌ಗೆ ಕೊನೆಯ ದಿನ ಹತ್ತಿರ ಬಂದಿತ್ತು, ಪೋರ್ಟಲಿನ ಪಾಸ್‌ವರ್ಡ್ ಹೊಸದು ಮಾಡಬೇಕಾದರೆ ಮೇಲ್ ಬೇಕು. ಮೇಲ್ ಐಡಿ ಏನು ಎಂದರೆ ಹೆಸರು ಮಾತ್ರ ಸರಿಯಾಗಿ ಹೇಳಿದಳು. "ಕೊನೇಲಿ ನಂಬರ್ ಇತ್ತಕ್ಕ. ಎಪ್ಪತ್ತೋ, ಎಪ್ಪತ್ತೇಳೋ." ಐಡಿ, ಪಾಸ್‌ವರ್ಡ್ ಮರೆತಾಗ ಓಟಿಪಿ ಬರುವ ರಿಕವರಿ ನಂಬರ್ ಯಾರದು ಎಂದೆ. ಐಡಿ ಮಾಡಿಕೊಟ್ಟಿದ್ದು ಸೋದರಮಾವನ ಮಗ, ಅವನದೇ ನಂಬರ್ ಹಾಕಿದ್ದ, ಅವನು ಬೆಂಗಳೂರಿಗೆ ಹೋದಮೇಲೆ ಆ ಸಿಮ್ ಬಿಟ್ಟಿದ್ದ. ಅವಳು ಬೆಂಚಿನ ಮೇಲೆ ಪ್ಲಾಸ್ಟಿಕ್ ಫೈಲು ಬಿಚ್ಚಿ ಒಂದೊಂದೇ ಕಾಗದ ಎತ್ತಿಟ್ಟಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಟಿಸಿ, ಆದಾಯ ಪ್ರಮಾಣಪತ್ರ. ಹಾಸ್ಟೆಲ್ ಅರ್ಜಿಯ ಜೆರಾಕ್ಸ್ ಪ್ರತಿಯೊಂದು ಎಲ್ಲಕ್ಕಿಂತ ಕೆಳಗಿತ್ತು, ಮಡಿಕೆಯ ಗೆರೆಯಲ್ಲಿ ಮಸಿ ಹೋಗಿತ್ತು. ಆ ಮಡಿಕೆಯ ಪಕ್ಕದಲ್ಲೇ ಮೇಲ್ ಐಡಿ. ಕೊನೆಯ ಅಂಕಿಗಳು 7707. ಓದಲು ಸಿಕ್ಕಿದ್ದೇ ಪುಣ್ಯ. ಮೇಲ್‌ನ ಪಾಸ್‌ವರ್ಡ್ ಅವಳಿಗೆ ನೆನಪಿತ್ತು, ಮರೆತದ್ದು ಬರೀ ಹೆಸರಿನ ಬಾಲ.

ಪಾಸ್‌ವರ್ಡ್ ಮರೆಯಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಐಡಿ ಮರೆಯಬೇಡಿ ಎಂದು ಯಾರೂ ಹೇಳುವುದಿಲ್ಲ. ಮೊಬೈಲಿನಲ್ಲಿ ಅದು ತಾನಾಗಿ ತೆರೆದುಕೊಂಡಿರುವುದರಿಂದ ಮಕ್ಕಳು ಅದನ್ನು ಒಂದು ಸಲವೂ ಕೈಯಾರೆ ಬರೆದಿರುವುದಿಲ್ಲ.

ಅಂಕಿಯ ತೊಂದರೆ ತಪ್ಪಿಸಲು ಕೆಲವರು ಹೆಸರಿನ ಒಂದೆರಡು ಅಕ್ಷರ ಹಾಕಿ ಅದರ ಮುಂದೆ ಮೊಬೈಲ್ ನಂಬರನ್ನೇ ಇಡುತ್ತಾರೆ. ನೆನಪಿಗೇನೋ ಸುಲಭ. ಆದರೆ ಐಡಿ ಕೊಟ್ಟವರಿಗೆಲ್ಲ ನಂಬರನ್ನೂ ಕೊಟ್ಟಂತಾಯಿತು, ಹೆಣ್ಣುಮಕ್ಕಳಿಗಂತೂ ಇದು ಬೇಡವೇ ಬೇಡ. ಇನ್ನೂ ಒಂದು ಕಾರಣವಿದೆ. ನಾವು ಬಿಟ್ಟ ಸಿಮ್ಮಿನ ನಂಬರು ನಮ್ಮದಾಗಿಯೇ ಉಳಿಯುವುದಿಲ್ಲ. 90 ದಿನ ಕಳೆದ ಮೇಲೆ ಕಂಪನಿಯವರು ಅದನ್ನು ಬೇರೆಯವರಿಗೆ ಕೊಡಬಹುದು, ದೂರಸಂಪರ್ಕ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೂ ಇದನ್ನೇ ಹೇಳಿತು. ಅದೇ ನಂಬರು ರಿಕವರಿಗೂ ಇದ್ದರೆ ಓಟಿಪಿ ಹೋಗುವುದು ಯಾರೋ ಅಪರಿಚಿತರಿಗೆ, ಐಡಿ ಏನೆಂದು ಆ ನಂಬರೇ ಅವರಿಗೆ ಅರ್ಧ ಹೇಳಿಕೊಟ್ಟಿರುತ್ತದೆ. ಹುಟ್ಟಿದ ದಿನ, ತಿಂಗಳು, ಇಸವಿ ಪೂರ್ತಿಯಾಗಿ ಹಾಕುವುದೂ ಹೀಗೆಯೇ. ಬ್ಯಾಂಕಿನವರು ಫೋನಿನಲ್ಲಿ ಗುರುತು ಖಚಿತಪಡಿಸಿಕೊಳ್ಳಲು ಮೊದಲು ಕೇಳುವುದೇ ಜನ್ಮದಿನಾಂಕ. ಅದನ್ನು ಹೆಸರಿನ ಹಿಂದೆ ಅಂಟಿಸಿಕೊಂಡು ಊರೆಲ್ಲ ಕೊಡುತ್ತಾ ಹೋಗುವುದು ಸರಿಯಲ್ಲ.

ಬಾಯಿಯ ವಿಚಾರಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಕುಳಿತು ದಿನವೂ ಕೇಳುವುದು ಇದನ್ನೇ. ಫೋನಿನಲ್ಲಿ ಎಂ ಮತ್ತು ಎನ್ ಒಂದೇ ಥರ ಕೇಳುತ್ತವೆ. ಬಿ, ಡಿ, ಪಿ, ಟಿ ನಾಲ್ಕೂ ಒಂದಕ್ಕೊಂದು ಬೆರೆತುಹೋಗುತ್ತವೆ. ಎಸ್ ಹೇಳಿದರೆ ಎಫ್ ಎಂದು ಬರೆದುಕೊಳ್ಳುತ್ತಾರೆ. ಕೆರಗೋಡಿನ ಕಡೆಯ ಹಿರಿಯರೊಬ್ಬರು ಮಗನ ಐಡಿಯನ್ನು ಕಾಲೇಜಿನವರಿಗೆ ಫೋನಿನಲ್ಲಿ ಹೇಳುತ್ತಿದ್ದ ರೀತಿ ನನಗೆ ಬಹಳ ಇಷ್ಟವಾಯಿತು. "ಎಂ ಅಂದ್ರೆ ಮಂಡ್ಯದ್ ಎಂ. ಎನ್ ಅಂದ್ರೆ ನಂಜನಗೂಡಿನ್ ಎನ್. ಪಿ ಅಂದ್ರೆ ಪಾಂಡವಪುರದ್ದು ಕಣಪ್ಪ. ಟಿ ನರಸೀಪುರದ್ ಟಿ." ಆ ಕಡೆಯವರು ಒಂದಕ್ಷರವೂ ತಪ್ಪದೆ ಬರೆದುಕೊಂಡರು. ಅವತ್ತಿನಿಂದ ನಾನೂ ಹಾಗೇ ಹೇಳುತ್ತೇನೆ, ಬಂದವರಿಗೂ ಹೇಳಿಕೊಡುತ್ತೇನೆ. ಆದರೂ ಇಷ್ಟೆಲ್ಲ ಬಿಡಿಸಿ ಹೇಳಬೇಕಾದ ಹೆಸರನ್ನು ಮೊದಲೇ ಬಿಟ್ಟರೆ ಒಳ್ಳೆಯದು.

ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಇನ್ನೊಂದು ಗೋಜಲಿದೆ. ಲಕ್ಷ್ಮಿಯನ್ನು ಒಬ್ಬರು ಕೆ ಎಸ್ ಎಚ್ ಹಾಕಿ ಬರೆದರೆ ಇನ್ನೊಬ್ಬರು ಒಂದೇ ಎಕ್ಸ್ ಹಾಕಿ ಮುಗಿಸುತ್ತಾರೆ. ಗೌಡ ಎಂದು ಬರೆಯಲು ನಮ್ಮ ಮಂಡ್ಯ, ಮೈಸೂರು, ಹಾಸನದ ಕಡೆ ನಡುವೆ ಡಬ್ಲ್ಯೂ ಬರುತ್ತದೆ, ಉತ್ತರ ಕರ್ನಾಟಕದಲ್ಲಿ ಯು ಬರುತ್ತದೆ. ಹುಬ್ಬಳ್ಳಿಯ ಆಫೀಸಿಗೆ ಫೋನಿನಲ್ಲಿ "ಗೌಡ" ಎಂದು ಹೇಳಿ ಸುಮ್ಮನಾದರೆ ಅವರು ಅವರ ಗೌಡನನ್ನೇ ಬರೆದುಕೊಳ್ಳುತ್ತಾರೆ, ಮೇಲ್ ಇನ್ಯಾರಿಗೋ ಹೋಗುತ್ತದೆ. ಮಂಜುನಾಥನ ಕೊನೆಯಲ್ಲಿ ಎ ಇದೆಯೋ ಇಲ್ಲವೋ, ಪ್ರಕಾಶನಿಗೆ ಎಸ್ ಆದಮೇಲೆ ಎಚ್ ಇದೆಯೋ ಇಲ್ಲವೋ, ಚೈತ್ರಾಳಿಗೆ ಎ ಐ ಹಾಕುವುದೋ ಎ ವೈ ಹಾಕುವುದೋ. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಮೈಸೂರು ಆಯಿತು. ಅದಕ್ಕೂ ಮೊದಲು ಐಡಿಯಲ್ಲಿ ಊರು ಸೇರಿಸಿಕೊಂಡವರದ್ದು ಹಳೆಯ ಸ್ಪೆಲಿಂಗಿನಲ್ಲಿ ನಿಂತುಬಿಟ್ಟಿದೆ, ಈಗ ಮೈಸೂರು ಎಂದು ಬಾಯಲ್ಲಿ ಹೇಳಿದರೆ ಕೇಳಿಸಿಕೊಂಡವರು ಹೊಸದನ್ನು ಬರೆಯುತ್ತಾರೆ. ಮಂಡ್ಯದವರಿಗೆ ಆ ಕಷ್ಟವಿಲ್ಲ, ಹಳೆಯ ಕಾಲದಿಂದಲೂ ಅದೇ ಆರು ಅಕ್ಷರ.

ಆದ್ದರಿಂದ ಮೊದಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆಸುತ್ತೇನೆ. ಅಲ್ಲಿ ಇಂಗ್ಲಿಷಿನಲ್ಲಿ ಹೆಸರು ಹೇಗಿದೆಯೋ ಐಡಿಯಲ್ಲೂ ಹಾಗೇ ಇರಲಿ. ಮುಂದೆ ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಲ್ಲವನ್ನೂ ಅದಕ್ಕೇ ತಾಳೆ ನೋಡುತ್ತಾರೆ. ಒಂದೇ ಸ್ಪೆಲಿಂಗು ಎಲ್ಲ ಕಡೆ ಇದ್ದರೆ ನೆನಪಿಟ್ಟುಕೊಳ್ಳುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಸಂಖ್ಯಾಶಾಸ್ತ್ರ ನೋಡಿ ಎರಡು ಎ ಸೇರಿಸಿಕೊಂಡವರು ಬಂದಾಗ ಮಾತ್ರ ಸ್ವಲ್ಪ ಹೊತ್ತು ವಾದ ಮಾಡಬೇಕಾಗುತ್ತದೆ.

ಇಷ್ಟಾದ ಮೇಲೂ ಬರೀ ಹೆಸರು ಸಿಗುವುದಿಲ್ಲವಲ್ಲ, ಜೊತೆಗೆ ಏನು ಸೇರಿಸುವುದು? ಇದಕ್ಕೆ ಉತ್ತರ ನಮ್ಮ ಕಡೆಯ ಇನಿಶಿಯಲ್ಲಿನಲ್ಲೇ ಇದೆ ಎಂಬುದು ನನ್ನ ನಂಬಿಕೆ. ಹಳೆ ಮೈಸೂರು ಸೀಮೆಯಲ್ಲಿ ಇನಿಶಿಯಲ್ ಎಂದರೆ ಸಾಮಾನ್ಯವಾಗಿ ಊರು, ಆಮೇಲೆ ಅಪ್ಪ. ಒಂದೇ ಹೆಸರಿನ ಹತ್ತು ಜನರನ್ನು ಬೇರೆ ಬೇರೆಯಾಗಿ ಗುರುತಿಸಲೆಂದೇ ಹಿರಿಯರು ಮಾಡಿಕೊಂಡಿದ್ದ ಏರ್ಪಾಡು ಅದು. ಈಗ ಮೇಲ್ ಐಡಿಗೆ ಬೇಕಾಗಿರುವುದೂ ಅದೇ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನಿಂದ ಕುವೆಂಪು ಬಂದದ್ದನ್ನು ನೋಡಿ. ಊರಿನಿಂದ ಒಂದಕ್ಷರ, ತಂದೆಯಿಂದ ಒಂದಕ್ಷರ, ತನ್ನಿಂದ ಒಂದಕ್ಷರ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಅವರ ಮನೆಯ ದಾರಿ ಕೇಳುವವರು ಪೂರ್ತಿ ಹೆಸರು ಹೇಳುವುದಿಲ್ಲ, ಆ ಮೂರಕ್ಷರ ಸಾಕು. ನಮ್ಮ ಜಿಲ್ಲೆಯ ಮೇಲುಕೋಟೆಯಿಂದ ಪುರೋಹಿತ ತಿರುನಾರಾಯಣ ಅಯ್ಯಂಗಾರ್ ನರಸಿಂಹಾಚಾರ್ ಅವರು ಪುತಿನ ಆಗಿ ಬಂದರು. ಅಷ್ಟು ಉದ್ದದ ಹೆಸರು ಮೂರಕ್ಷರಕ್ಕೆ ಇಳಿದು ಕನ್ನಡಿಗರ ಬಾಯಲ್ಲಿ ನಿಂತಿದೆ. ಜೀಮೇಲಿನಲ್ಲಿ ಯೂಸರ್‌ನೇಮ್ ಕನಿಷ್ಠ 6 ಅಕ್ಷರ, ಹೆಚ್ಚೆಂದರೆ 30 ಅಕ್ಷರ ಇರಬೇಕು. ಇಂಗ್ಲಿಷಿನಲ್ಲಿ ಬರೆದರೆ ಪುತಿನ ಸರಿಯಾಗಿ ಆರಕ್ಷರ, ಕುವೆಂಪು ಏಳು. ಡಿವಿಜಿ ಅವರದ್ದು ಮಾತ್ರ ಮೂರೇ ಅಕ್ಷರವಾದ್ದರಿಂದ ಊರಿನ ದೇವನಹಳ್ಳಿಯನ್ನೋ ಹೆಸರಿನ ಗುಂಡಪ್ಪವನ್ನೋ ಬಿಡಿಸಿ ಬರೆಯಬೇಕಾಗುತ್ತದೆ.

ಹಾಗೆ ಬಿಡಿಸಿ ಬರೆಯುವುದನ್ನೇ ನಾನು ಮಕ್ಕಳಿಗೂ ಹೇಳುವುದು. ಇನಿಶಿಯಲ್ಲಿನ ಕೆ ಅನ್ನು ಕೆ ಎಂದು ಬಿಟ್ಟರೆ ಅದು ಯಾರಿಗೂ ಏನೂ ಹೇಳುವುದಿಲ್ಲ. ಅದನ್ನು ಕೀಲಾರ ಎಂದು ಪೂರ್ತಿ ಬರೆದು ಮುಂದೆ ಹೆಸರು ಸೇರಿಸಿದರೆ ಐಡಿ ಬಹುಪಾಲು ಮೊದಲ ಸಲಕ್ಕೇ ಸಿಗುತ್ತದೆ, ಅಂಕಿಯ ಗೊಡವೆಯೇ ಇಲ್ಲ. ದುದ್ದ, ಹೊಳಲು, ಬೂದನೂರು, ಕಿಕ್ಕೇರಿ, ಎಲ್ಲವೂ ಚಿಕ್ಕವು, ಬರೆಯಲು ಸುಲಭ. ಹೊಸಹಳ್ಳಿಯವರಿಗೆ ಸ್ವಲ್ಪ ಕಷ್ಟ, ತಾಲ್ಲೂಕಿಗೊಂದು ಹೊಸಹಳ್ಳಿ ಇರುವುದರಿಂದ. ಅವರಿಗೆ ಮನೆತನದ ಹೆಸರು ಏನಾದರೂ ಇದೆಯೇ ಎಂದು ಕೇಳುತ್ತೇನೆ. ಪಟೇಲರ ಮನೆ, ಶಾನುಭೋಗರ ಮನೆ, ಬಾವಿಮನೆ ಎಂದು ಊರಿನಲ್ಲಿ ಕರೆಯುವ ರೂಢಿ ಇದ್ದೇ ಇರುತ್ತದೆ. ಆ ಹೆಸರನ್ನು ಯಾರು ತಾನೇ ಮರೆಯುತ್ತಾರೆ?

ಊರಿನ ಹೆಸರೇ ಇರಲಿ ಎನ್ನಲು ನನಗೆ ಇನ್ನೊಂದು ಬಲವಾದ ಕಾರಣವಿದೆ, ಅದು ಹೆಣ್ಣುಮಕ್ಕಳದ್ದು. ಮದ್ದೂರಿನ ಕಡೆಯ ಹುಡುಗಿಯೊಬ್ಬಳು ಐಡಿ ಮಾಡುವಾಗ ಕೇಳಿದಳು. "ಅಪ್ಪನ್ ಇನಿಶಿಯಲ್ ಹಾಕ್ಲಾ ಬ್ಯಾಡ್ವಾ ಅಕ್ಕ? ಮದ್ವೆ ಆದ್ಮೇಲೆ ಬದ್ಲಾಯ್ತದಲ್ಲ." ಪಕ್ಕದಲ್ಲಿದ್ದ ಅವಳ ತಾಯಿ ನಗುತ್ತಾ, "ಅದ್ಯಾಕ್ ಈಗ್ಲೇ ಬುಡು" ಎಂದರು. ಆದರೆ ಹುಡುಗಿಯ ಪ್ರಶ್ನೆ ನಗುವಂಥದ್ದಲ್ಲ. ಅಪ್ಪನ ಹೆಸರು ಹಾಕಿಕೊಂಡ ಎಷ್ಟೋ ಜನ ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿ ಹೊಸ ಐಡಿ ಮಾಡಿಸಲು ಬರುತ್ತಾರೆ. ಹಳೆಯದನ್ನು ಅಷ್ಟಕ್ಕೇ ಬಿಡುತ್ತಾರೆ. ಎರಡು ವರ್ಷ ಯಾರೂ ತೆರೆಯದ ಖಾತೆಗಳನ್ನು 2023ರ ಡಿಸೆಂಬರಿನಿಂದ ಗೂಗಲ್ ಅಳಿಸಲು ಶುರುಮಾಡಿದೆ. ಅದರ ಜೊತೆಗೆ ಅವರ ಓದಿನ ಕಾಗದಪತ್ರ, ಫೋಟೊ, ಮೊದಲ ಕೆಲಸದ ಆಫರ್ ಲೆಟರ್ ಎಲ್ಲವೂ ಹೋಗುತ್ತವೆ. ಅವರು ಓದಿ ಸಂಪಾದಿಸಿದ್ದರ ದಾಖಲೆ ಅದು. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ನಿನ್ನ ಹೆಸರು, ನೀನು ಹುಟ್ಟಿದ ಊರು. ಎರಡನ್ನೂ ಯಾರೂ ಬದಲಾಯಿಸಲಾರರು. ಅವಳು ಹಾಗೇ ಮಾಡಿಸಿಕೊಂಡಳು, ತಾಯಿಯೂ ಬೇಡ ಎನ್ನಲಿಲ್ಲ.

ಗಂಡುಹುಡುಗರಿಗೆ ಇಷ್ಟವಾಗುವುದು ಗಾಡಿ ನಂಬರು. ಹೆಸರಿನ ಮುಂದೆ ಕೆಎ 11. ಮಂಡ್ಯ ಆರ್‌ಟಿಓ ಸಂಖ್ಯೆ ಅದು. ನಾಗಮಂಗಲದವರು 54 ಹಾಕುತ್ತಾರೆ, ಮೈಸೂರಿನವರು 09 ಅಥವಾ 55. ನನಗೆ ಇದರಲ್ಲಿ ತಕರಾರಿಲ್ಲ. ಊರಿನ ಅಭಿಮಾನವೂ ಆಯಿತು, ಅಂಕಿಗೆ ಅರ್ಥವೂ ಇದೆ, ಜನ್ಮದಿನಾಂಕ ಬಿಟ್ಟುಕೊಟ್ಟಂತೆಯೂ ಆಗಲಿಲ್ಲ. ಆದರೆ ಕಣ್ಣಿನ ಒಂದು ತೊಂದರೆಯನ್ನು ತೋರಿಸಿಕೊಡುತ್ತೇನೆ. ಚಿಕ್ಕ ಎಲ್ ಮತ್ತು ಒಂದು ಎಂಬ ಅಂಕಿ ಎಷ್ಟೋ ಫಾಂಟುಗಳಲ್ಲಿ ಒಂದೇ ಥರ ಕಾಣುತ್ತವೆ. 11 ಎಂದು ಪ್ರಿಂಟ್ ತೆಗೆದು ಕೊಟ್ಟರೆ ಎರಡು ಎಲ್ ಎಂದು ಓದುವವರಿದ್ದಾರೆ. ಮೈಸೂರಿನ 09ರಲ್ಲಿ ಸೊನ್ನೆಯನ್ನು ಓ ಎಂದು ಬರೆದುಕೊಳ್ಳುತ್ತಾರೆ. ಅದರಲ್ಲೂ ಹೆಸರು ಎಲ್ ಅಕ್ಷರದಲ್ಲಿ ಮುಗಿದು ಪಕ್ಕದಲ್ಲೇ 11 ಬಂದರೆ ಯಾರಿಗೂ ಓದಲಾಗುವುದಿಲ್ಲ. ಅಂಥ ಹೆಸರಿನವರು ಕೆಎ 11 ಅನ್ನು ಮೊದಲು ಬರೆದು ಹೆಸರನ್ನು ಆಮೇಲೆ ಹಾಕಿದರೆ ಆಯಿತು.

ಸಿನಿಮಾ ನಟರ ಬಿರುದನ್ನು ಐಡಿಗೆ ಇಡಬೇಕೆಂದು ಹಟ ಹಿಡಿಯುವವರೂ ಬರುತ್ತಾರೆ. ಅಭಿಮಾನವನ್ನು ನಾನು ಹಗುರ ಮಾಡುವುದಿಲ್ಲ, ನಮ್ಮೂರಲ್ಲಿ ಅದು ಮನೆತನದಿಂದ ಬರುವಂಥದ್ದು. ಹಾಗಾದರೆ ಎರಡು ಐಡಿ ಮಾಡಿಕೋ ಎನ್ನುತ್ತೇನೆ. ಅಭಿಮಾನದ್ದು ಸ್ನೇಹಿತರಿಗೆ, ಆಟಕ್ಕೆ, ಶಾಪಿಂಗ್ ಆ್ಯಪಿಗೆ. ಸ್ವಂತ ಹೆಸರಿನದ್ದು ಓದಿಗೆ, ಬ್ಯಾಂಕಿಗೆ, ಕೆಲಸಕ್ಕೆ. ಕಸದ ಮೇಲ್‌ಗಳೆಲ್ಲ ಮೊದಲನೆಯದಕ್ಕೆ ಹೋಗಿ ಎರಡನೆಯದು ಶುಭ್ರವಾಗಿ ಉಳಿಯುವುದು ಇದರಲ್ಲಿ ಸಿಗುವ ಲಾಭ.

ಡಾಟ್ ವಿಚಾರದಲ್ಲಿ ಸೈಬರಿನವರಿಗೂ ಗೊಂದಲವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೀಮೇಲಿಗೆ ಡಾಟ್ ಲೆಕ್ಕಕ್ಕಿಲ್ಲ. ಊರು ಡಾಟ್ ಹೆಸರು ಎಂದು ಮಾಡಿದ್ದರೂ ಡಾಟ್ ಇಲ್ಲದೆ ಒಟ್ಟಿಗೆ ಬರೆದರೂ ಮೇಲ್ ಬರುವುದು ಅದೇ ಡಬ್ಬಿಗೆ. ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸವೂ ಇಲ್ಲ. ಅಂಡರ್‌ಸ್ಕೋರ್ ಜೀಮೇಲಿನಲ್ಲಿ ಇಡಲು ಬರುವುದೇ ಇಲ್ಲ. ಬೇರೆ ಕಂಪನಿಗಳ ಮೇಲ್‌ಗಳಲ್ಲಿ ಹೀಗಿಲ್ಲ, ಅಲ್ಲಿ ಡಾಟ್ ಇದ್ದದ್ದು ಒಂದು ವಿಳಾಸ, ಇಲ್ಲದ್ದು ಇನ್ನೊಂದು. ತೊಂದರೆ ಬರುವುದು ಅರ್ಜಿಯ ಪೋರ್ಟಲುಗಳಲ್ಲಿ. ಅವು ನಾವು ಬರೆದದ್ದನ್ನು ಬರೆದ ಹಾಗೇ ಇಟ್ಟುಕೊಳ್ಳುತ್ತವೆ. ಮೊದಲ ವರ್ಷ ಡಾಟ್ ಹಾಕಿ ರಿಜಿಸ್ಟರ್ ಮಾಡಿದ ಹುಡುಗ ಮರುವರ್ಷ ಡಾಟ್ ಬಿಟ್ಟು ಲಾಗಿನ್ ಆಗಲು ಹೋದರೆ "ಈ ಮೇಲ್ ನೋಂದಣಿಯಾಗಿಲ್ಲ" ಎಂದು ಬರುತ್ತದೆ. ಹುಡುಗ ಗಾಬರಿಯಾಗಿ ಹೊಸದಾಗಿ ರಿಜಿಸ್ಟರ್ ಮಾಡುತ್ತಾನೆ, ಒಬ್ಬನೇ ಇಬ್ಬರಾಗುತ್ತಾನೆ, ಆಮೇಲೆ ಅದನ್ನು ಸರಿಪಡಿಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಡಾಟ್ ಬೇಡವೆಂದರೆ ಎಲ್ಲ ಕಡೆ ಬೇಡ. ಬಾಯಲ್ಲಿ ಹೇಳುವಾಗಲೂ "ನಡುವೆ ಚುಕ್ಕಿ" ಎಂದು ಸೇರಿಸುವ ಕೆಲಸ ತಪ್ಪುತ್ತದೆ.

ಮೇಲ್ ವಿಳಾಸಕ್ಕೆ ಹೆಸರು ಆರಿಸಿಕೊಳ್ಳುವ ಸ್ವಾತಂತ್ರ್ಯ ಮೊದಲಿನಿಂದ ಇದ್ದದ್ದಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಇಂಟರ್ನೆಟ್ಟಿಗೂ ಮೊದಲಿನ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಮೇಲ್ ಕಳಿಸಿದಾಗ ಹೆಸರು ಯಾವುದು, ಯಂತ್ರ ಯಾವುದು ಎಂದು ಬೇರ್ಪಡಿಸಲು ನಡುವೆ ಒಂದು ಗುರುತು ಬೇಕಾಯಿತು. ಜನರ ಹೆಸರುಗಳಲ್ಲಿ ಎಲ್ಲೂ ಬಾರದ ಗುರುತೆಂದು ಅವರು ಕೀಬೋರ್ಡಿನಿಂದ ಆರಿಸಿದ್ದು ನಾವು ಈಗ ಅಟ್ ದ ರೇಟ್ ಎನ್ನುವ ಆ ಸುತ್ತಿದ ಎ. ಆಗ ಆ ಗುರುತಿನ ಎಡಗಡೆ ಇರುತ್ತಿದ್ದದ್ದು ಕಂಪ್ಯೂಟರ್ ಬಳಸುವವರ ಲಾಗಿನ್ ಹೆಸರು. ಸಂಸ್ಥೆಯಲ್ಲಿ ಇದ್ದವರಿಗಷ್ಟೇ ವಿಳಾಸ. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದ ಮೇಲೆ ಯಾರು ಬೇಕಾದರೂ, ಯಾವ ಕಂಪ್ಯೂಟರಿನಿಂದ ಬೇಕಾದರೂ, ದುಡ್ಡಿಲ್ಲದೆ ತಮಗೆ ಇಷ್ಟ ಬಂದ ಹೆಸರನ್ನು ಹಿಡಿದುಕೊಳ್ಳಬಹುದು ಎಂದಾಯಿತು. ಜೀಮೇಲ್ 2004ರ ಏಪ್ರಿಲ್ 1ರಂದು ಬಂತು, ಮೊದಮೊದಲು ಆಹ್ವಾನ ಇದ್ದವರಿಗೆ ಮಾತ್ರ. ಆ ಹೊತ್ತಿನಲ್ಲಿ ಮೈಸೂರಿನ ಕಾಲೇಜುಗಳಲ್ಲಿ ಓದುತ್ತಿದ್ದ ಕೆಲವರಿಗೆ ಅಂಕಿಯಿಲ್ಲದ ಪುಟ್ಟ ಹೆಸರುಗಳು ಸಿಕ್ಕಿವೆ. ಅವರಿಗೆ ಬೇರೆಯದೇ ಪಾಡು. ಅದೇ ಹೆಸರಿನ ಇತರರು ತಮ್ಮ ಐಡಿಯ ಅಂಕಿ ಮರೆತು ಬರೆಯುವುದರಿಂದ ಯಾರದ್ದೋ ಕರೆಂಟ್ ಬಿಲ್ಲು, ಯಾರದ್ದೋ ವಿಮೆಯ ರಶೀದಿ ಇವರಿಗೆ ಬರುತ್ತಿರುತ್ತವೆ.

ಸ್ಪೆಲಿಂಗಿನ ಈ ಎಲ್ಲ ಗೋಜಲಿಗೂ ನೇರವಾದ ಪರಿಹಾರ ಕನ್ನಡದಲ್ಲೇ ಐಡಿ ಇರುವುದು. ಲಕ್ಷ್ಮಿಯನ್ನು ಕನ್ನಡದಲ್ಲಿ ಬರೆಯಲು ಕೆ ಎಸ್ ಎಚ್ಚೋ ಎಕ್ಸೋ ಎಂಬ ಪ್ರಶ್ನೆ ಏಳುವುದಿಲ್ಲ, ಗೌಡ ಮಂಡ್ಯದಲ್ಲೂ ಬೆಳಗಾವಿಯಲ್ಲೂ ಗೌಡನೇ. ಇದು ಬರೀ ಆಸೆಯ ಮಾತಲ್ಲ. ಬೇರೆ ಬೇರೆ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುವ ಯೂನಿಕೋಡ್ ಪಟ್ಟಿಯಲ್ಲಿ, 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿ ಇದೆ. ಇಂಗ್ಲಿಷೇತರ ಅಕ್ಷರಗಳಲ್ಲಿ ಮೇಲ್ ವಿಳಾಸ ಇಡಲು ಬೇಕಾದ ಅಂತರರಾಷ್ಟ್ರೀಯ ನಿಯಮಗಳು 2012ರಲ್ಲೇ ಆಗಿವೆ. ಅಂಥ ವಿಳಾಸಗಳಿಗೆ ಮೇಲ್ ಕಳಿಸುವ, ಅವುಗಳಿಂದ ಪಡೆಯುವ ಸೌಲಭ್ಯ ಜೀಮೇಲಿಗೆ 2014ರಲ್ಲಿ ಬಂತು. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಬರೆಯುವ ಡೊಮೇನ್, ಅಂದರೆ ವಿಳಾಸದ ಕೊನೆಯ ಭಾಗ ಕೂಡ ನಮ್ಮ ದೇಶಕ್ಕಿದೆ. ಅಡ್ಡ ನಿಂತಿರುವುದು ಅರ್ಜಿಗಳು. ಮೇಲ್ ಐಡಿಯ ಖಾನೆಯಲ್ಲಿ ಒಂದು ಕನ್ನಡ ಅಕ್ಷರ ಬಿದ್ದರೆ ಸಾಕು, "ಸರಿಯಾದ ಇಮೇಲ್ ನಮೂದಿಸಿ" ಎಂದು ಕೆಂಪಗೆ ಬರೆದು ತೋರಿಸುವ ಅರ್ಜಿಗಳನ್ನು ನಾನು ಕಂಡಿದ್ದೇನೆ. ಅರ್ಜಿಯ ಉಳಿದ ಪುಟವೆಲ್ಲ ಕನ್ನಡದಲ್ಲೇ ಇರುತ್ತದೆ. ಕರ್ನಾಟಕದ ರೈತರಿಗೆ, ವಿದ್ಯಾರ್ಥಿಗಳಿಗೆಂದು ಪೋರ್ಟಲ್ ಕಟ್ಟುವ ಎಂಜಿನಿಯರುಗಳು ಆ ಒಂದು ತಪಾಸಣೆಯನ್ನು ಬದಲಿಸಬೇಕು. ನಮ್ಮವರೇ ಕೂತು ಮಾಡಬಹುದಾದ ಕೆಲಸ ಅದು.

ಒಬ್ಬರ ಹೆಸರಿನಲ್ಲಿ ಇರಬಾರದ ಐಡಿಗಳೂ ಇವೆ. ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಿಂದಿನ ಕಾರ್ಯದರ್ಶಿ ತಮ್ಮ ಸ್ವಂತ ಹೆಸರಿನಲ್ಲಿ, ಸ್ವಂತ ನಂಬರಿನಲ್ಲಿ ಮೇಲ್ ಮಾಡಿದ್ದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಅವತ್ತು ಯಾವುದೋ ಅರ್ಜಿಗೆ ಐಡಿ ಬೇಕಿತ್ತು ಅಷ್ಟೇ. ಅವರು ಕೆಲಸ ಬಿಟ್ಟ ಮೇಲೆ ಆಡಿಟ್ ಪತ್ರ, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲ ಅವರ ಮೊಬೈಲಿಗೇ ಹೋಗುತ್ತಿದ್ದವು. ಸಂಘದವರು ಪ್ರತಿ ಸಲ ಅವರ ಮನೆಗೆ ಹೋಗಿ "ಏನಾರ ಬಂದದಾ ನೋಡಿ ಸ್ವಾಮಿ" ಎಂದು ಕೇಳಬೇಕಾಗಿತ್ತು. ಇಂಥದ್ದಕ್ಕೆ ಹುದ್ದೆಯ ಹೆಸರಿನಲ್ಲಿ ವಿಳಾಸ ಇಡಬೇಕೆಂಬ ಪದ್ಧತಿ ಇಂಟರ್ನೆಟ್ಟಿನಲ್ಲಿ ಹಳೆಯದು. ಮಾಹಿತಿಗೆ ಒಂದು, ಮಾರಾಟಕ್ಕೆ ಒಂದು, ದೂರಿಗೆ ಒಂದು ಎಂದು ಸಂಸ್ಥೆಗಳು ಇಡಬೇಕಾದ ಸಾಮಾನ್ಯ ಹೆಸರುಗಳ ಪಟ್ಟಿಯೇ 1997ರಲ್ಲಿ ಬಂದಿದೆ.

ಹೊಸ ಕಾರ್ಯದರ್ಶಿ ಮತ್ತು ಅಧ್ಯಕ್ಷರು ಇಬ್ಬರೂ ಬಂದು ಬೆಂಚಿನ ಮೇಲೆ ಕುಳಿತರು. ಅಧ್ಯಕ್ಷರು ಹಿರಿಯರು, ಎಮ್ಮೆ ಹಾಲಿನ ಕಾಲದಿಂದ ಸಂಘದಲ್ಲಿರುವವರು. "ಊರ್ ಹೆಸ್ರು ಇರ್ಲಿ ಕಣವ್ವ, ಮುಂದೆ ಡೇರಿ ಅಂತ ಹಾಕು. ನಮ್ಮ ಹೆಸ್ರು ಯಾತಕ್ಕೆ, ನಾವಿವತ್ತಿದ್ದು ನಾಳೆ ಹೋಗೋರು" ಎಂದರು. ಹಾಕಿ ನೋಡಿದೆ. ಊರು, ಡೇರಿ, ಅಂಕಿಯಿಲ್ಲ, ಡಾಟ್ ಇಲ್ಲ. ಮೊದಲ ಸಲಕ್ಕೇ ಸಿಕ್ಕಿತು. ಪಾಸ್‌ವರ್ಡನ್ನು ಬರೆದು ಲಕೋಟೆಯಲ್ಲಿ ಹಾಕಿ ಸಂಘದ ಬೀರುವಿನಲ್ಲಿ ಇಡುವುದೆಂದು ಅವರೇ ಮಾತಾಡಿಕೊಂಡರು. ರಿಕವರಿ ನಂಬರು ಯಾರದ್ದು ಇರಬೇಕು ಎನ್ನುವಲ್ಲಿ ಮಾತು ನಿಂತಿತು. ಕಾರ್ಯದರ್ಶಿಯದ್ದೇ ಹಾಕಿದರೆ ಮತ್ತೆ ಹಳೆಯ ಕತೆ, ಅಧ್ಯಕ್ಷರದ್ದಾದರೆ ಚುನಾವಣೆಯಾದ ಮೇಲೆ ಬದಲಾಗುತ್ತದೆ. ಸಂಘದ ಹೆಸರಿನಲ್ಲೇ ಒಂದು ಸಿಮ್ ತೆಗೆದು ಹಾಲಿನ ಡಿಗ್ರಿ ನೋಡುವ ಮಷೀನಿನ ಪಕ್ಕದಲ್ಲಿ ಒಂದು ಕೀಪ್ಯಾಡ್ ಮೊಬೈಲ್ ಇಟ್ಟುಬಿಡಿ ಎಂದೆ. ತಿಂಗಳ ರೀಚಾರ್ಜಿನ ಖರ್ಚಿಗೆ ಒಪ್ಪಿಗೆ ಬೇಕಂತೆ. ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಗೆ ಅದನ್ನು ಸೇರಿಸಿದ್ದಾರೆ, ಅಲ್ಲಿಯತನಕ ಕಾರ್ಯದರ್ಶಿಯ ನಂಬರೇ ಇದೆ.